ಕೋಲಾರದ ಚಿನ್ನ ಯಾರ ವರಮಾನ?

ಸುಗಟೂರು ಇಂದು ಕೋಲಾರ ತಾಲ್ಲೂಕಿನ ಒಂದು ಹೋಬಳಿ ಊರು. ಬಸ್ಸಿನಲ್ಲಿ ಹಾದುಹೋಗುವವರಿಗೆ ಅಲ್ಲಿ ವಿಶೇಷವೇನೂ ಕಾಣದು. ಆದರೆ 16ನೇ ಶತಮಾನದಲ್ಲಿ ಈ ಊರಿನ ಹೆಸರು ಹೊತ್ತ ಪಾಳೆಯಗಾರರ ಮನೆತನ ಸುತ್ತಲ ಸೀಮೆಯನ್ನೆಲ್ಲ ಆಳುತ್ತಿತ್ತು. ಅವರಲ್ಲಿ ತಮ್ಮೇಗೌಡ ವಿಜಯನಗರದ ಅರಸರಿಂದ 'ಚಿಕ್ಕರಾಯ' ಎಂಬ ಬಿರುದು ಪಡೆದವನು, ಹೊಸಕೋಟೆಯ ಕೋಟೆ ಕಟ್ಟಿಸಿದವನು. ಮುಂದೆ ಈ ಸೀಮೆ ಬಿಜಾಪುರದವರ ಕೈಗೆ ಹೋಯಿತು, ಷಹಾಜಿಯ ಜಹಗೀರಾಯಿತು, ಮೊಗಲರನ್ನು ಕಂಡಿತು, ಕೊನೆಗೆ ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ವಶವಾಯಿತು. ಆಳುವವರು ಬದಲಾದರೂ ಕೇಳುವ ಪ್ರಶ್ನೆ ಬದಲಾಗಲಿಲ್ಲ: ಬೆಳೆದದ್ದರಲ್ಲಿ ನಮಗೆಷ್ಟು? ಶಾನುಭೋಗರ ಕಡತ ಬರೆದದ್ದು ಈ ಪ್ರಶ್ನೆಗೆ ಉತ್ತರವನ್ನು. ಕಂದಾಯ ಕೊಟ್ಟ ಮೇಲೆ ಒಕ್ಕಲಿನ ಮನೆಯಲ್ಲಿ ಎಷ್ಟು ರಾಗಿ ಉಳಿಯಿತು ಎಂಬುದನ್ನು ಬರೆದಿಡುವ ಗರಜು ಯಾರಿಗೂ ಇರಲಿಲ್ಲ.

ರಾಷ್ಟ್ರೀಯ ವರಮಾನ ಎಂಬ ಲೆಕ್ಕ ಹುಟ್ಟಿದ್ದು ಈ ಎರಡನೆಯ ಪ್ರಶ್ನೆಯಿಂದ. ಒಂದು ದೇಶದ ಜನರೆಲ್ಲ ಸೇರಿ ಒಂದು ವರ್ಷದಲ್ಲಿ ದುಡಿದು ಗಳಿಸಿದ್ದೆಷ್ಟು, ತಲೆಗೆ ಎಷ್ಟು ಬಿತ್ತು? ನಮ್ಮ ದೇಶದಲ್ಲಿ ಇದನ್ನು ಮೊದಲು ಗಟ್ಟಿಯಾಗಿ ಕೇಳಿದವರು ದಾದಾಭಾಯಿ ನವರೋಜಿ. 1876ರ ತಮ್ಮ ಪ್ರಬಂಧದಲ್ಲಿ ಅವರು ಪ್ರಾಂತ್ಯವಾರು ಬೆಳೆಯ ಲೆಕ್ಕ ಹಿಡಿದು, ತಲಾ ವರಮಾನ ವರ್ಷಕ್ಕೆ ಸುಮಾರು 20 ರೂಪಾಯಿ ಎಂದು ತೋರಿಸಿದರು. ಜೈಲಿನಲ್ಲಿರುವ ಕೈದಿಯ ಊಟ-ಬಟ್ಟೆಗೆ ಸರ್ಕಾರ ಮಾಡುವ ಖರ್ಚನ್ನು ಅದರ ಪಕ್ಕದಲ್ಲೇ ಇಟ್ಟರು. ಕೈದಿಯ ಪಾಲೇ ಹೆಚ್ಚಾಗಿತ್ತು! ಸರ್ಕಾರ ಸುಮ್ಮನಿರಲಿಲ್ಲ. 1882ರಲ್ಲಿ ಅದರ ಅಧಿಕಾರಿಗಳು 27 ರೂಪಾಯಿ ಎಂದರು, 1901ರಲ್ಲಿ ವೈಸರಾಯ್ ಕರ್ಜನ್ 30 ಎಂದ. ಮೂರೂ ಅಂಕಿಗಳು ಒಂದೇ ದೇಶದವು. ಯಾರು, ಯಾತಕ್ಕಾಗಿ ಎಣಿಸುತ್ತಾರೆ ಎಂಬುದರ ಮೇಲೆ ಮೊತ್ತ ಹೇಗೆ ಹಿಗ್ಗುತ್ತದೆ ಎಂಬುದನ್ನು ನಾವು ಇಲ್ಲೇ ನೋಡಬಹುದು. (ಇದೇ ಕಾಲದ ಸ್ವಾರಸ್ಯವೊಂದಿದೆ. ಉರ್ದುವಿನ ಮೊದಮೊದಲ ಅರ್ಥಶಾಸ್ತ್ರ ಗ್ರಂಥಗಳಲ್ಲಿ ಒಂದಾದ 'ಇಲ್ಮುಲ್ ಇಕ್ತಿಸಾದ್' ಬರೆದವರು ಕವಿ ಇಕ್ಬಾಲ್. ಬಡತನದ ಲೆಕ್ಕ ಆಗ ಕವಿಗಳನ್ನೂ ಕಾಡುತ್ತಿತ್ತು.)

ಊಹೆಯಿಂದ ಶಾಸ್ತ್ರದ ಕಡೆಗೆ ಈ ಲೆಕ್ಕವನ್ನು ಎಳೆದು ತಂದವರು ಡಾ. ವಿ.ಕೆ.ಆರ್.ವಿ. ರಾವ್. ಕೇಂಬ್ರಿಜ್‌ನಲ್ಲಿ ಓದಿದ ಇವರು ಮುಂದೆ ಬಳ್ಳಾರಿಯ ಲೋಕಸಭಾ ಸದಸ್ಯರಾದರು, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದರು. 1931-32ರ ಸಾಲಿಗೆ ಅವರು ಹಾಕಿದ ಲೆಕ್ಕ ತಲೆಗೆ ಸುಮಾರು 62 ರೂಪಾಯಿ. ಆದರೆ ಅವರ ಪುಸ್ತಕದ ಹೆಸರೇ ಹೇಳುವಂತೆ ಅದು 'ಬ್ರಿಟಿಷ್ ಇಂಡಿಯಾ'ದ ವರಮಾನ. ಮೈಸೂರು ಸಂಸ್ಥಾನ ಅದರ ಹೊರಗೆ. ಅಂದರೆ ಆ ವರ್ಷ ಕೋಲಾರದ ನೆಲದಡಿಯಿಂದ ಮೇಲೆ ಬಂದ ಚಿನ್ನವೂ ಹೊರಗೆ.

ಈ ಚಿನ್ನದ ಕತೆಯಲ್ಲಿ ಸ್ವಲ್ಪ ನಿಲ್ಲೋಣ. 1880ರಿಂದ ಜಾನ್ ಟೇಲರ್ ಮತ್ತು ಮಕ್ಕಳ ಕಂಪನಿ ಇಲ್ಲಿ ಗಣಿಗಾರಿಕೆ ನಡೆಸಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬೆಂಗಳೂರಿಗೆ ಬರುವ ಮೊದಲೇ ಇಲ್ಲಿಗೆ ಬಂತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಕಲ್ಲು ಒಡೆದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. ಚಿನ್ನ ಮಾರಿ ಬಂದ ಹಣದಲ್ಲಿ ಮದ್ದುಗುಂಡು, ಮರ, ವಿದ್ಯುತ್ತಿನ ಖರ್ಚು ಕಳೆದರೆ ಉಳಿಯುವುದೇ ಗಣಿಯ ಉತ್ಪನ್ನ. ಅದು ಮೂರು ಪಾಲಾಗುತ್ತಿತ್ತು: ಕೂಲಿ ಕಾರ್ಮಿಕರಿಗೆ, ರಾಯಧನ ಮೈಸೂರು ಸರ್ಕಾರಕ್ಕೆ, ಲಾಭಾಂಶ ಲಂಡನ್ನಿನ ಷೇರುದಾರರಿಗೆ. ಅರ್ಥಶಾಸ್ತ್ರಜ್ಞರು ದೇಶೀಯ ಉತ್ಪನ್ನ ಬೇರೆ, ರಾಷ್ಟ್ರೀಯ ಉತ್ಪನ್ನ ಬೇರೆ ಎನ್ನುವುದು ಇದಕ್ಕೇ. ಮೊದಲನೆಯದರಲ್ಲಿ ಈ ಮೂರೂ ಪಾಲು ನಮ್ಮ ನೆಲದ ಖಾತೆಗೆ ಸೇರುತ್ತವೆ, ಎರಡನೆಯದರಲ್ಲಿ ಲಂಡನ್ನಿಗೆ ಹೋದದ್ದನ್ನು ಕಳೆಯಬೇಕು. ದಾದಾಭಾಯಿ ಹೇಳಿದ ಸಂಪತ್ತಿನ ಸೋರಿಕೆ ಇದಕ್ಕಿಂತ ದೊಡ್ಡ ಮಾತು, ನಿಜ. ಆದರೆ ಅದರ ಒಂದು ಮುಖವನ್ನು ನೋಡಬೇಕೆಂದರೆ ಕೆ.ಜಿ.ಎಫ್. ಸಾಕು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ್ದಾದ ಮೇಲಷ್ಟೇ ಆ ಕಳೆಯುವ ಲೆಕ್ಕ ನಿಂತಿತು.

ಇನ್ನೂ ಒಂದು ಕಳೆಯುವ ಲೆಕ್ಕವಿದೆ. ಯಂತ್ರಗಳ ಸವಕಳಿಯನ್ನು ಕಳೆದರೆ ನಿವ್ವಳ ಉತ್ಪನ್ನ ಸಿಗುತ್ತದೆ. ಆದರೆ ಯಂತ್ರ ಸವೆದಂತೆ ಗಣಿಯೂ ಸವೆಯಿತಲ್ಲ? ಸುಮಾರು 800 ಟನ್ ಚಿನ್ನ ಹೋಯಿತು. ಅದನ್ನು ಯಾವ ಖಾತೆಯಲ್ಲೂ ನಷ್ಟವೆಂದು ಬರೆಯಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಉಳಿದದ್ದು ಸೈನೈಡ್ ದಿಬ್ಬಗಳು ಮತ್ತು ಕೆಲಸವಿಲ್ಲದ ಕಾಲೊನಿಗಳು. ನೈಸರ್ಗಿಕ ಸಂಪತ್ತಿನ ಸವೆತವನ್ನೂ ಕಳೆಯಬೇಕೆಂದು ವಿಶ್ವಸಂಸ್ಥೆಯ ಲೆಕ್ಕಪದ್ಧತಿ ಒಪ್ಪಿದ್ದು 2025ರಲ್ಲಿ. ಕೋಲಾರಕ್ಕೆ ಅದು ತಡವಾಗಿ ಬಂತು. ಕೊಳವೆ ಬಾವಿಗಳದೂ ಇದೇ ಕತೆ. ಸಾವಿರ ಅಡಿ ಮೀರಿ ಕೊರೆದವನ ಕೂಲಿ ವರಮಾನ, ಆ ನೀರಲ್ಲಿ ಬೆಳೆದ ಟೊಮೆಟೊ ವರಮಾನ. ಬತ್ತಿದ ನೀರಿಗೆ ಮಾತ್ರ ಬೆಲೆಯಿಲ್ಲ.

ಸ್ವಾತಂತ್ರ್ಯದ ನಂತರ 1949ರಲ್ಲಿ ಮಹಾಲನೋಬಿಸ್ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ವರಮಾನ ಸಮಿತಿ ನೇಮಕವಾಯಿತು. ಗಾಡ್ಗೀಳರೂ ರಾವ್ ಅವರೂ ಅದರ ಸದಸ್ಯರು. 1948-49ರ ತಲಾ ವರಮಾನ 255 ರೂಪಾಯಿ ಎಂದು ಮೊದಲ ವರದಿ ಹೇಳಿತು. ಹೊಲ, ಕಾರ್ಖಾನೆಗಳಲ್ಲಿ ಉತ್ಪನ್ನವನ್ನು ಎಣಿಸಿ, ನೌಕರಿ-ವ್ಯಾಪಾರಗಳಲ್ಲಿ ಗಳಿಕೆಯನ್ನು ಎಣಿಸಿ ಎರಡನ್ನೂ ಕೂಡಿಸಿದ ಲೆಕ್ಕ ಅದು.

ಎಣಿಸುವಾಗ ಒಂದನ್ನೇ ಎರಡು ಸಲ ಎಣಿಸಬಾರದು. ನಮ್ಮ ಸೀಮೆಯ ರೇಷ್ಮೆಯನ್ನೇ ತೆಗೆದುಕೊಳ್ಳಿ. ರೈತ ಗೂಡನ್ನು 100 ರೂಪಾಯಿಗೆ ಮಾರಿದ, ರೀಲರು ಅದರ ನೂಲು ಬಿಚ್ಚಿ 140ಕ್ಕೆ ಮಾರಿದರು, ನೇಕಾರ ನೇಯ್ದು 220ಕ್ಕೆ ಮಾರಿದ ಎಂದಿಟ್ಟುಕೊಳ್ಳೋಣ. ಮೂರನ್ನೂ ಕೂಡಿದರೆ 460 ಆಗುತ್ತದೆ, ಅದು ಸುಳ್ಳು. ರೈತ ಕೂಡಿಸಿದ್ದು 100, ರೀಲರು 40, ನೇಕಾರ 80. ಒಟ್ಟು 220 ಮಾತ್ರ.

ಈಗ ಆ 100 ರೂಪಾಯಿಯ ಒಳಗೆ ಇಣುಕಿ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಮನೆಯವರಿಗೆ ನಿದ್ದೆಯಿಲ್ಲ. ಸೊಪ್ಪು ಕೊಯ್ದು ತರುವವಳು, ರಾತ್ರಿ ಎದ್ದು ಹಾಕುವವಳು, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವವಳು ಮನೆಯ ಹೆಂಗಸು. ಆ ದುಡಿಮೆ ಗೂಡಿನ ಬೆಲೆಯಲ್ಲಿ ಸೇರಿ ರಾಷ್ಟ್ರದ ಲೆಕ್ಕಕ್ಕೇನೋ ಬರುತ್ತದೆ. ಆದರೆ ಮಾರುಕಟ್ಟೆಯ ಚೀಟಿ ಗಂಡನ ಹೆಸರಲ್ಲಿರುತ್ತದೆ. ನೂಲು ಬಿಚ್ಚುವ ಕಸುಬಿನಲ್ಲಿ ನಮ್ಮ ರಾಜ್ಯದ ಎಷ್ಟೋ ಮುಸ್ಲಿಂ ಕುಟುಂಬಗಳಿವೆ. ಅಲ್ಲಿ ಬಿಸಿನೀರಿನ ಬಾಣಲೆಯಲ್ಲಿ ಕೈ ಬೇಯಿಸಿಕೊಳ್ಳುವ ಹೆಂಗಸರ ಪಾಡೂ ಬೇರೆಯಲ್ಲ. ಮುಸ್ಲಿಂ ಮಹಿಳೆಯರಲ್ಲಿ ಮನೆಯೊಳಗೇ ಕುಳಿತು ದುಡಿಯುವವರ ಪ್ರಮಾಣ ಹೆಚ್ಚು ಎಂಬುದನ್ನು 2006ರ ಸಾಚಾರ್ ವರದಿ ಎತ್ತಿ ಹೇಳಿತ್ತು.

ಅವಳೇ ಅಲ್ಲಿಂದೆದ್ದು ಮುದ್ದೆ ಕೂಡಿಸಿದರೆ, ಅತ್ತೆಯ ಕಾಲು ಒತ್ತಿದರೆ? ಅಡುಗೆ, ಆರೈಕೆಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ. ಸಂಬಳದ ಅಡುಗೆಯವಳನ್ನು ಯಜಮಾನ ಮದುವೆಯಾದರೆ ದೇಶದ ವರಮಾನ ಕಡಿಮೆಯಾಗುತ್ತದೆ ಎಂದು ಕೇಂಬ್ರಿಜ್‌ನ ಪಿಗೂ ತೋರಿಸಿದ್ದು ತಮಾಷೆಯಾಗಿ ಕಂಡರೂ ತಮಾಷೆಯಲ್ಲ. ಎಣಿಸಲು ಕಷ್ಟ, ಬೆಲೆ ಕಟ್ಟಲು ಆಧಾರವಿಲ್ಲ ಎನ್ನುತ್ತಾರೆ. ಆದರೆ ಸ್ವಂತ ಮನೆಯಲ್ಲಿ ವಾಸಿಸುವವನು ತನಗೆ ತಾನೇ ಬಾಡಿಗೆ ಕೊಟ್ಟುಕೊಂಡಂತೆ ಊಹಿಸಿ ಅದನ್ನು ವರಮಾನಕ್ಕೆ ಸೇರಿಸುತ್ತಾರೆ. ಗೋಡೆಯ ಬೆಲೆಯನ್ನು ಊಹಿಸಬಲ್ಲವರಿಗೆ ಒಲೆಯ ಮುಂದಿನ ದುಡಿಮೆಯ ಬೆಲೆಯನ್ನು ಊಹಿಸುವುದು ಅಷ್ಟು ಕಷ್ಟವೇ?

2019ರಲ್ಲಿ ಕೇಂದ್ರದ ಅಂಕಿಅಂಶ ಇಲಾಖೆ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ ಅರ್ಧರ್ಧ ಗಂಟೆಯ ಲೆಕ್ಕ ಕೇಳಿ ಬರೆದುಕೊಂಡರು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಕೇಳಿದಾಗ ಹೆಂಗಸರದ್ದು 289, ಗಂಡಸರದ್ದು 88. ಶಾನುಭೋಗರ ಕಾಲದಿಂದ ಯಾರೂ ಬರೆದುಕೊಳ್ಳದ ದುಡಿಮೆ ಈಗ ಕಾಗದಕ್ಕಾದರೂ ಬಂದಿದೆ. ರೂಪಾಯಿಯಲ್ಲಲ್ಲ, ನಿಮಿಷಗಳಲ್ಲಿ.