ಪರಾತದಲ್ಲಿ ತೊಳೆದ ಇಂಜಿನ್

1998ರ ಮೇ ರಜೆ. ನಾನಾಗ ಐದನೇ ಇಯತ್ತೆ ಮುಗಿಸಿದ್ದೆ. ಕುರ್ಲಾದ ನಮ್ಮ ಚಾಳಿನ ಅಂಗಳದಲ್ಲಿ ಅಬ್ಬಾ ತಮ್ಮ ಪದ್ಮಿನಿ ಟ್ಯಾಕ್ಸಿಯ ಇಂಜಿನ್ ಬಿಚ್ಚಿದ್ರು. ಗ್ಯಾರೇಜಿಗೆ ಕೊಡೋಕೆ ದುಡ್ಡಿರಲಿಲ್ಲ. ಚಾಚಾ ಉಸ್ತಾದ್, ನಾನೂ ನನ್ನ ತಮ್ಮನೂ ಶಾಗಿರ್ದರು. ಅಮ್ಮಿಯ ಹಳೇ ಪರಾತದಲ್ಲಿ ರೇಷನ್ ಸೀಮೆಎಣ್ಣೆ ಸುರಿದು ನಾವು ಪಿಸ್ಟನ್, ವಾಲ್ವು, ಸ್ಪ್ರಿಂಗುಗಳನ್ನು ತೊಳೆದೆವು. ಆ ಅಂಗಳದ ಹಿಂದೆ ಒಂದು ದೊಡ್ಡ ಚರಿತ್ರೆ ಇತ್ತು ಅನ್ನೋದು ನನಗೆ ತಿಳಿದಿದ್ದು ಬಿ.ಎಡ್. ಮುಗಿಸಿ ಮಕ್ಕಳಿಗೆ ಪಾಠ ಹೇಳಲು ನಿಂತ ಮೇಲೆ.

ಜನರಲ್ ಮೋಟಾರ್ಸ್ ಕಂಪನಿ 1928ರಲ್ಲೇ ಮುಂಬೈಯ ಶಿವಡಿಯಲ್ಲಿ ಕಾರು ಜೋಡಿಸಲು ಶುರು ಮಾಡಿತ್ತು. ಬಿಡಿಭಾಗಗಳೆಲ್ಲ ಹೊರದೇಶದಿಂದ ಬರುತ್ತಿದ್ದವು. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಅದರ ಕಾರ್ಖಾನೆ ನಮ್ಮ ಕುರ್ಲಾದಲ್ಲೇ ಎದ್ದಿತು. ಸ್ವಾತಂತ್ರ್ಯದ ನಂತರ ಸರ್ಕಾರ, ಭಾಗಗಳನ್ನು ಇಲ್ಲೇ ತಯಾರಿಸಬೇಕೆಂದು ಪಟ್ಟು ಹಿಡಿಯಿತು. ಬರೀ ಜೋಡಿಸುತ್ತಿದ್ದ ವಿದೇಶಿ ಕಂಪನಿಗಳು 1950ರ ದಶಕದಲ್ಲಿ ಗಂಟುಮೂಟೆ ಕಟ್ಟಿದವು. ಉಳಿದದ್ದು ಬೆರಳೆಣಿಕೆಯ ಕಾರುಗಳು. ಅವುಗಳಲ್ಲೊಂದು ಫಿಯಟ್ 1100. ಅದೇ ಕಾರಿಗೆ 1970ರ ದಶಕದಲ್ಲಿ ಪದ್ಮಿನಿ ಅನ್ನೋ ಹೆಸರು ಬಂತು: ನಾಲ್ಕು ಸಿಲಿಂಡರ್, 1089 ಸಿಸಿ.

ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಹಳೇ ಇಂಜಿನ್ನನ್ನೇ ಮತ್ತೆ ಮತ್ತೆ ಬಿಚ್ಚಿ ಕಟ್ಟೋದು ಅನಿವಾರ್ಯವಾಯಿತು. ನಮ್ಮ ಎಷ್ಟೋ ಮನೆಗಳ ಹುಡುಗರು ಶಾಲೆ ಬಿಟ್ಟು ಪಾನಾ ಹಿಡಿದದ್ದು ಈ ಕಾರಣಕ್ಕೆ. ಪರವಾನಗಿ ಕಾಲದ ಬಗ್ಗೆ ನಾವು ಓದುವ ಪಠ್ಯದಲ್ಲಿ ಮಂತ್ರಿಗಳಿದ್ದಾರೆ, ಕಾರ್ಖಾನೆ ಮಾಲೀಕರಿದ್ದಾರೆ. ಮಿಸ್ತ್ರಿ ಮಾತ್ರ ಇಲ್ಲ.

ಚಾಚಾ ಎರಡನೇ ಕ್ಲಾಸು ದಾಟಿರಲಿಲ್ಲ. ಆದ್ರೆ ಅವರ ಕ್ರಮ ನೋಡಿ. ಬೇರಿಂಗ್ ಕ್ಯಾಪ್ ಬಿಚ್ಚುವ ಮೊದಲು ಒಂದೊಂದಕ್ಕೂ ಪಂಚಿನಿಂದ ಚುಕ್ಕಿ ಹೊಡೆಯೋರು: ಒಂದನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಕ್ಯಾಪನ್ನು ಅದರ ಜಾಗದಲ್ಲೇ ಇಟ್ಟು ಕೊರೆದಿರುತ್ತಾರೆ, ಅದಲುಬದಲಾದರೆ ಕ್ರಾಂಕು ಹಿಡಿದುಕೊಳ್ಳುತ್ತೆ. ವಾಲ್ವುಗಳನ್ನು ರಟ್ಟಿನಲ್ಲಿ ತೂತು ಮಾಡಿ ಸಾಲಾಗಿ ಸಿಕ್ಕಿಸೋರು, ಯಾಕಂದ್ರೆ ಪ್ರತಿ ವಾಲ್ವು ತನ್ನ ಸೀಟಿನ ಜೊತೆಗೇ ಸವೆದಿರುತ್ತೆ. ಕಬ್ಬಿಣದ ಭಾಗಗಳಿಗೆ ಕಾಸ್ಟಿಕ್ ಸೋಡಾ ಹಾಕಿದ ಬಿಸಿನೀರು ನಡೆಯುತ್ತೆ, ಪಿಸ್ಟನ್ನಿಗೆ ಬೇಡವೇ ಬೇಡ. ನನ್ನ ತಮ್ಮ ಒಂದು ಪಿಸ್ಟನ್ನನ್ನು ಆ ಡಬ್ಬಕ್ಕೆ ಹಾಕಿಬಿಟ್ಟ. ಬುಸುಬುಸು ನೊರೆ ಬಂತು. ತೆಗೆದು ನೋಡಿದ್ರೆ ಅಲ್ಯೂಮಿನಿಯಂ ಕಪ್ಪಾಗಿ ಹುಳುಕು ಬಿದ್ದಿತ್ತು. ಚಾಚಾ ಬೈಲಿಲ್ಲ. "ಬೇಟಾ, ಲೋಹದ ಜಾತ ಕೇಳಿ ತೊಳೀಬೇಕು" ಅಂದ್ರು. ಅಬ್ಬಾ ಚೋರ್ ಬಜಾರಿಗೆ ಹೋಗಿ ಬೇರೆ ಪಿಸ್ಟನ್ ತಂದ್ರು, ಎರಡು ದಿನದ ಗಳಿಕೆ ಹೋಯ್ತು.

ಇನ್ನೊಂದು ವಿಷಯ ಚಾಚಾಗೂ ಗೊತ್ತಿರಲಿಲ್ಲ. ಪಿಸ್ಟನ್ ತಲೆಯ ಮೇಲೆ ಕಟ್ಟಿದ್ದ ಪದರವನ್ನು ನಾವು ಒಣಗಿದ್ದಾಗಲೇ ಕೆರೆದೆವು, ಬಾಯಲ್ಲಿ ಊದಿದೆವು. ಅದು ಬರೀ ಮಸಿಯಲ್ಲ. ಇಂಜಿನ್ ಕುಟ್ಟುವ ಸದ್ದು ನಿಲ್ಲಿಸಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಬಹುದೆಂದು ಥಾಮಸ್ ಮಿಡ್ಜ್‌ಲೀ ಅಮೆರಿಕದಲ್ಲಿ ಕಂಡುಹಿಡಿದದ್ದು 1921ರಲ್ಲಿ. ಮೂರೇ ವರ್ಷದಲ್ಲಿ, 1924ರಲ್ಲಿ, ಅದನ್ನು ತಯಾರಿಸುತ್ತಿದ್ದ ನ್ಯೂಜೆರ್ಸಿಯ ಕೆಲಸಗಾರರು ಬುದ್ಧಿಭ್ರಮಣೆಯಾಗಿ ಸತ್ತರು. ಆದ್ರೂ ಮಾರಾಟ ನಿಲ್ಲಲಿಲ್ಲ. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದ ಫೆಬ್ರವರಿಯಲ್ಲಿ, ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾದಲ್ಲಿ 2021ರಲ್ಲಿ. ಸೀಸ ಮಕ್ಕಳ ಮಿದುಳಿಗೆ ಹೆಚ್ಚು ಹಾನಿ. ನಾವು ಅದೇ ಕೈಯನ್ನು ಲುಂಗಿಗೆ ಒರೆಸಿಕೊಂಡು ರೊಟ್ಟಿ ತಿಂದಿದ್ದೆವು.

ಚಾಚಾರ ಕೈ ಈಗ ನಡುಗುತ್ತೆ. ಅದಕ್ಕೆ ಸೀಸವೇ ಕಾರಣ ಅಂತ ನಾನು ಹೇಳಲಾರೆ. ಯಾರೂ ಅವರ ರಕ್ತ ಪರೀಕ್ಷೆ ಮಾಡಲಿಲ್ಲ, ಯಾವ ದಾಖಲೆಯಲ್ಲೂ ಅವರ ಕಸುಬು ಬರೆದಿಲ್ಲ.

ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಪತ್ರಿಕೆಗಳು ಕಾರಿನ ಬಗ್ಗೆ ಎಷ್ಟೊಂದು ಬರೆದವು! ವಿದ್ಯಾರ್ಥಿಗಳಿಗೆ ನನ್ನದೊಂದು ವಿನಂತಿ: ನಿಮ್ಮ ಮನೆಯಲ್ಲೋ ಗಲ್ಲಿಯಲ್ಲೋ ಹಳೇ ಮಿಸ್ತ್ರಿ ಇದ್ದರೆ ಒಂದು ಮಧ್ಯಾಹ್ನ ಅವರ ಪಕ್ಕ ಕೂತ್ಕೊಳ್ಳಿ. ಯಾರ ಬಳಿ ಕಲಿತ್ರಿ, ಏನು ಕೊಡ್ತಿದ್ರು, ಕೈ ಏನಾಯ್ತು ಅಂತ ಕೇಳಿ, ಬರೆದಿಡಿ. ಇನ್ನು ಮನೆಯಲ್ಲಿ ಹಳೇ ಇಂಜಿನ್ ಬಿಚ್ಚುವ ಆಸೆ ಇದ್ದರೆ ಆ ಪದರವನ್ನು ಒದ್ದೆ ಮಾಡಿ ಕೆರೆಯಿರಿ, ಕೈಗವಸು ಹಾಕಿ, ಚಿಕ್ಕ ಮಕ್ಕಳನ್ನು ದೂರ ಇಡಿ. ಅಡಿಗೆಮನೆಯ ಪರಾತ ಮಾತ್ರ ಮುಟ್ಟಬೇಡಿ.