ತಾಯಿ ನಡೆಸಿದ ಕಾರು

ಮ್ಯಾರಥಾನ್ ಓಟದ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಗ್ರೀಸ್ ದೇಶದ ಯುದ್ಧಭೂಮಿಯಿಂದ ಪ್ರಾರಂಭಿಸುತ್ತಾರೆ. ಗೆಲುವಿನ ಸುದ್ದಿಯನ್ನು ಅಥೆನ್ಸಿಗೆ ಮುಟ್ಟಿಸಿ ಪ್ರಾಣಬಿಟ್ಟ ಓಟಗಾರನ ಕಥೆ ನಿಮಗೆಲ್ಲ ಗೊತ್ತಿರುವುದೇ. ನಾನು ಇಂದು ಹೇಳಬೇಕೆಂದಿರುವುದು ಅಷ್ಟು ಹಳೆಯ ಕಥೆಯಲ್ಲ. ಅದು 1966ನೆಯ ಇಸವಿ ಏಪ್ರಿಲ್ 19ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನಡೆದದ್ದು. ಅಂದು ಬೆಳಗ್ಗೆ ವಿಂಚೆಸ್ಟರ್ ಎಂಬ ಊರಿನ ಒಬ್ಬ ತಾಯಿ ತಮ್ಮ ಇಪ್ಪತ್ತಮೂರು ವರ್ಷದ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹಾಪ್ಕಿಂಟನ್ ಎಂಬ ಇನ್ನೊಂದು ಊರಿಗೆ ಬಿಟ್ಟು ಬಂದರು. ಕ್ರೀಡೆಯ ಚರಿತ್ರೆಗಳಲ್ಲಿ ಮಗಳ ಹೆಸರಿದೆ. ಆಕೆ ಓಡಲು ತೆಗೆದುಕೊಂಡ ಗಂಟೆ, ನಿಮಿಷ, ಸೆಕೆಂಡುಗಳ ಲೆಕ್ಕವಿದೆ. ಕಾರಿನ ಪ್ರಸ್ತಾಪ ಮಾತ್ರ ಒಂದು ವಾಕ್ಯದಲ್ಲಿ ಬಂದು ಹೋಗುತ್ತದೆ. ಆ ಒಂದು ವಾಕ್ಯವನ್ನು ಸ್ವಲ್ಪ ಬಿಡಿಸಿ ನೋಡುವುದು ನನ್ನ ಉದ್ದೇಶ.

1896ರಲ್ಲಿ ಅಥೆನ್ಸಿನಲ್ಲಿ ನಡೆದ ಮೊದಲ ಆಧುನಿಕ ಒಲಿಂಪಿಕ್ ಕೂಟದಲ್ಲಿ ಮ್ಯಾರಥಾನ್ ಓಟವನ್ನು ಸೇರಿಸಿದ್ದರು. ಅದನ್ನು ಕಂಡುಬಂದ ಬಾಸ್ಟನ್ ನಗರದವರು ಮರುವರ್ಷವೇ, ಅಂದರೆ 1897ರಲ್ಲಿ, ತಮ್ಮಲ್ಲಿಯೂ ಅಂಥದೇ ಓಟವೊಂದನ್ನು ಆರಂಭಿಸಿದರು. 1924ರಿಂದ ಅದು ಹಾಪ್ಕಿಂಟನ್ನಿನಿಂದ ಹೊರಟು ಬಾಸ್ಟನ್ನಿನಲ್ಲಿ ಮುಗಿಯುತ್ತದೆ. ಮ್ಯಾರಥಾನಿನ ದೂರವೆಂದು ಈಗ ಎಲ್ಲೆಡೆ ಒಪ್ಪಿಕೊಂಡಿರುವುದು 42 ಕಿಲೋಮೀಟರು 195 ಮೀಟರು. ಈ ಓಟ ನಮ್ಮವರಿಗೂ ಅಪರಿಚಿತವಾದುದಲ್ಲ. 1920ರಲ್ಲಿ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದರಲ್ಲಿ ಓಡಿ ಹತ್ತೊಂಬತ್ತನೆಯವರಾಗಿ ಮುಗಿಸಿದ್ದರು. ಹೀಗೆ ಬೇರೆ ಬೇರೆ ಖಂಡಗಳ, ಬೇರೆ ಬೇರೆ ಬಣ್ಣಗಳ ಗಂಡಸರಿಗೆ ಈ ಹಾದಿ ಒಂದೊಂದಾಗಿ ತೆರೆಯುತ್ತ ಬಂದಿತ್ತು. ಹೆಂಗಸರಿಗೆ ಮಾತ್ರ ತೆರೆದಿರಲಿಲ್ಲ.

ತೆರೆಯದಿದ್ದುದಕ್ಕೆ ಶಾಸ್ತ್ರದ ಬೆಂಬಲವೂ ಇತ್ತು. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ 800 ಮೀಟರುಗಳ ಓಟವನ್ನು ಇಟ್ಟಿದ್ದರು. ಓಡಿದವರು ದಣಿದು ಕುಸಿದರೆಂದು ಪತ್ರಿಕೆಗಳು ಉತ್ಪ್ರೇಕ್ಷೆಯಿಂದ ಬರೆದವು. ಓಟ ಮುಗಿಸಿದ ಗಂಡಸು ಕುಸಿದರೆ ಅದನ್ನು ವೀರಾವೇಶವೆಂದು ಹೊಗಳುವ ಲೇಖನಿಯೇ ಹೆಂಗಸು ಕುಸಿದಾಗ ಅಬಲೆಯೆಂದು ಬರೆಯಿತು. ಆ ಓಟವನ್ನು ಕೂಟದಿಂದ ತೆಗೆದುಹಾಕಿದರು. ಅದು ಮರಳಿ ಬಂದದ್ದು 1960ರಲ್ಲಿ. ಅಮೆರಿಕದ ಹವ್ಯಾಸಿ ಕ್ರೀಡಾ ಸಂಘಟನೆಯ ನಿಯಮದಂತೆ ಅರವತ್ತರ ದಶಕದ ನಡುವಿನಲ್ಲಿಯೂ ಸ್ಪರ್ಧೆಯಲ್ಲಿ ಹೆಂಗಸರು ಓಡಬಹುದಾಗಿದ್ದ ಗರಿಷ್ಠ ದೂರ ಒಂದೂವರೆ ಮೈಲಿ ಮಾತ್ರ.

ನಿಯಮವಿದ್ದರೂ ಓಡಿದವರು ಇರಲಿಲ್ಲವೆಂದಲ್ಲ. 1896ರಲ್ಲಿಯೇ ಸ್ಟಮಾಟಾ ರೆವಿಥಿ ಎಂಬ ಬಡ ಗ್ರೀಕ್ ಹೆಂಗಸು ಮ್ಯಾರಥಾನಿನಲ್ಲಿ ಓಡುತ್ತೇನೆಂದು ಬಂದಿದ್ದಳು. ಆಕೆ ಕೈಗೂಸಿನ ತಾಯಿ. ಅಧಿಕೃತ ಓಟಕ್ಕೆ ಸೇರಿಸಿಕೊಳ್ಳದಿದ್ದಾಗ ಮರುದಿನ ಒಬ್ಬಳೇ ಅದೇ ಹಾದಿಯಲ್ಲಿ ಓಡಿ, ಸುಮಾರು ಐದೂವರೆ ಗಂಟೆಯಲ್ಲಿ ಅಥೆನ್ಸನ್ನು ತಲುಪಿದಳು. ಕ್ರೀಡಾಂಗಣದೊಳಕ್ಕೆ ಪ್ರವೇಶ ದೊರೆಯಲಿಲ್ಲ. ಆಮೇಲೆ ಅವಳು ಏನಾದಳೆಂಬುದು ಚರಿತ್ರೆಗೆ ತಿಳಿಯದು. ಓಡುವ ಶಕ್ತಿ ಅವಳಲ್ಲಿತ್ತು, ಸಂಕಲ್ಪವೂ ಇತ್ತು. ಅವಳ ಕೂಗಿಗೆ ಓಗೊಡುವವರು ಇರಲಿಲ್ಲ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಎಪ್ಪತ್ತು ವರ್ಷ ಮುಂದಕ್ಕೆ, ವಿಂಚೆಸ್ಟರಿನ ಮನೆಗೆ ಬರೋಣ.

ರಾಬರ್ಟಾ ಗಿಬ್ ಆ ಮನೆಯ ಮಗಳು. ತಂದೆ ಟಫ್ಟ್ಸ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರು. 1964ರಲ್ಲಿ ಬಾಸ್ಟನ್ ಮ್ಯಾರಥಾನನ್ನು ನೋಡಲೆಂದು ಮಗಳು ಹೋದದ್ದು ತಂದೆಯೊಡನೆಯೇ. ನೂರಾರು ಜನ ಮೌನವಾಗಿ, ಏಕಾಗ್ರವಾಗಿ ಓಡಿಹೋಗುವ ಆ ದೃಶ್ಯ ಆಕೆಯನ್ನು ಸೆರೆಹಿಡಿಯಿತು. ತಾನೂ ಓಡಬೇಕೆಂದು ಅಂದೇ ನಿಶ್ಚಯಿಸಿದಳು. ಅವಳಿಗೆ ಗುರುವಿರಲಿಲ್ಲ, ಅಭ್ಯಾಸಕ್ರಮವನ್ನು ಹೇಳಿಕೊಡುವ ಪುಸ್ತಕವಿರಲಿಲ್ಲ. ಹೆಂಗಸರ ಕಾಲಿಗೆ ಹೊಂದುವ ಓಟದ ಬೂಟುಗಳೇ ಅಂಗಡಿಗಳಲ್ಲಿ ಇಲ್ಲದಿದ್ದ ಕಾಲ ಅದು. ದಾದಿಯರು ತೊಡುವ ಬಿಳಿಯ ಚರ್ಮದ ಬೂಟುಗಳನ್ನು ಹಾಕಿಕೊಂಡು ಕಾಡುಮೇಡುಗಳಲ್ಲಿ ಓಡಿದಳು. ಮುಂದೆ ಆಕೆಯ ಪತಿಯಾದ ತರುಣ ತನ್ನ ಮೋಟಾರ್‌ಸೈಕಲ್ಲಿನಲ್ಲಿ ಅವಳನ್ನು ದೂರಕ್ಕೆ ಕರೆದೊಯ್ದು ಇಳಿಸುವನು; ಅಲ್ಲಿಂದ ಅವಳು ಮನೆಗೆ ಓಡಿ ಬರುವಳು. ಹೀಗೆ ಎರಡು ವರ್ಷ ಕಳೆದವು.

1966ರ ಆರಂಭದಲ್ಲಿ ಗಿಬ್ ಗಂಡನೊಡನೆ ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊದಲ್ಲಿದ್ದಳು. ಅಲ್ಲಿಂದ ಬಾಸ್ಟನ್ನಿಗೆ ಅರ್ಜಿಗಾಗಿ ಬರೆದಳು. ಓಟದ ನಿರ್ದೇಶಕರಾಗಿದ್ದ ವಿಲ್ ಕ್ಲೋನಿ ಅವರಿಂದ ಉತ್ತರ ಬಂತು: ಇಷ್ಟು ದೂರವನ್ನು ಓಡುವ ಸಾಮರ್ಥ್ಯ ಹೆಂಗಸರ ದೇಹಪ್ರಕೃತಿಗೆ ಇಲ್ಲ, ನಿಯಮವೂ ಅದಕ್ಕೆ ಅವಕಾಶ ಕೊಡುವುದಿಲ್ಲ ಎಂಬುದು ಅದರ ಸಾರಾಂಶ. ಆ ವೇಳೆಗೆ ಅವಳು ಮ್ಯಾರಥಾನಿಗೆ ಸಮನಾದ ದೂರವನ್ನು ಅಭ್ಯಾಸದಲ್ಲಿ ಓಡಿ ಮುಗಿಸಿದ್ದಳೆಂಬುದನ್ನು ನೆನೆದರೆ ಈ ಉತ್ತರದ ವಿಡಂಬನೆ ತಿಳಿಯುತ್ತದೆ. ಮಾಡಿ ತೋರಿಸಿದ್ದನ್ನೇ ಅಸಾಧ್ಯವೆಂದು ಹೇಳುವ ಕಾಗದ ಅದು. ಅವಳು ಅದನ್ನು ಪಕ್ಕಕ್ಕಿಟ್ಟು, ಮೂರು ರಾತ್ರಿ ನಾಲ್ಕು ಹಗಲು ಬಸ್ಸಿನಲ್ಲಿ ಕುಳಿತು ಓಟದ ಹಿಂದಿನ ದಿನ ತವರುಮನೆಯನ್ನು ಸೇರಿದಳು.

ಇಲ್ಲಿಂದ ಮುಂದಿನದು ಕ್ರೀಡೆಯ ಕಥೆಯಲ್ಲ, ಮನೆಯ ಕಥೆ. ಓಟವನ್ನು ತೋರಿಸಲು ಕೈಹಿಡಿದು ಕರೆದೊಯ್ದಿದ್ದ ತಂದೆಯೇ ಈಗ ಮಗಳಿಗೆ ಬುದ್ಧಿಭ್ರಮಣೆಯಾಗಿದೆಯೆಂದು ಭಾವಿಸಿದರು. ಅವರನ್ನು ಕಟುಕರೆಂದು ತಿಳಿಯಬೇಕಾಗಿಲ್ಲ. ಹೆಣ್ಣಿನ ದೇಹ ಇದನ್ನು ತಾಳಲಾರದೆಂದು ಬಲ್ಲವರೇ ಹೇಳುತ್ತಿದ್ದಾಗ ಮಗಳ ಮೇಲಿನ ಮಮತೆಯೇ ಭಯವಾಗಿ ಮಾತಾಡುವುದು ಸಹಜ. ಮರುದಿನ ಬೆಳಗ್ಗೆ ಅವರು ಜೊತೆಗೆ ಬರಲಿಲ್ಲ. ತಾಯಿಗೂ ಮೊದಲು ಮನಸ್ಸಿರಲಿಲ್ಲ. ಆದರೆ ಇದರಿಂದ ಹೆಂಗಸರ ಬಿಡುಗಡೆಗೆ ಸಹಾಯವಾಗುತ್ತದೆಯೆಂದು ಮಗಳು ಹೇಳಿದಾಗ ಅವರ ಕಣ್ಣು ತುಂಬಿ ಬಂತು. ಕಾರನ್ನು ತೆಗೆದರು.

ಆ ಕಣ್ಣೀರಿಗೆ ಒಂದು ಚಾರಿತ್ರಿಕ ಹಿನ್ನೆಲೆಯಿದೆ. ಬೆಟ್ಟಿ ಫ್ರೀಡನ್ ಅವರ 'ದಿ ಫೆಮಿನಿನ್ ಮಿಸ್ಟೀಕ್' ಎಂಬ ಪುಸ್ತಕ ಪ್ರಕಟವಾದದ್ದು 1963ರಲ್ಲಿ. ಒಳ್ಳೆಯ ಮನೆ, ಗಂಡ, ಮಕ್ಕಳು ಎಲ್ಲವೂ ಇದ್ದು ಹೆಸರಿಲ್ಲದ ಅತೃಪ್ತಿಯೊಂದರಲ್ಲಿ ಬೇಯುತ್ತಿದ್ದ ಉಪನಗರಗಳ ಗೃಹಿಣಿಯರನ್ನು ಕುರಿತ ಪುಸ್ತಕ ಅದು. ವಿಂಚೆಸ್ಟರ್ ಅಂಥದೇ ಉಪನಗರ. ಆ ತಾಯಿ ಆ ತಲೆಮಾರಿನವರು. ಮಗಳ ಮಾತಿನಲ್ಲಿ ಅವರಿಗೆ ತಮ್ಮ ಬದುಕಿನ ಪ್ರಶ್ನೆಯೂ ಕೇಳಿಸಿರಬೇಕೆಂದು ನನಗೆ ತೋರುತ್ತದೆ.

ಇದನ್ನು ಊಹಿಸಲು ನನಗೆ ಕಷ್ಟವಾಗಲಿಲ್ಲ. ನಮ್ಮ ಮನೆಯಲ್ಲಿ ಓಟದಲ್ಲಿ ಮುಂದಿದ್ದವಳು ನನ್ನ ಅಕ್ಕ. ಕೆರೆ ಏರಿಯ ಮೇಲೆ ಅವಳನ್ನು ಹಿಂದೆ ಹಾಕುವ ಹುಡುಗರು ನಮ್ಮ ಕೇರಿಯಲ್ಲಿರಲಿಲ್ಲ. ಹನ್ನೆರಡು ತುಂಬಿದ ಮೇಲೆ ಒಂದು ದಿನ ಅವಳು ಓಡುವುದನ್ನು ನಿಲ್ಲಿಸಿದಳು. ಯಾರೂ ಗದರಿದ್ದು ನನಗೆ ನೆನಪಿಲ್ಲ. "ಇನ್ನು ಸಾಕು ಕಣೇ, ದೊಡ್ಡವಳಾದೆ" ಎಂದು ಅಮ್ಮ ಮೆಲ್ಲಗೆ ಹೇಳಿದ್ದಳು, ಅಷ್ಟೆ. ಅಮ್ಮನಿಗೆ ಅವಳ ಅಮ್ಮ ಹೇಳಿದ್ದೂ ಅದೇ ಮಾತಾಗಿರಬೇಕು. ನಿಷೇಧವನ್ನು ಹೇರಲು ಯಾವಾಗಲೂ ಅಧಿಕಾರಿಯ ಕಾಗದ ಬೇಕಾಗುವುದಿಲ್ಲ. ಎಷ್ಟೋ ವೇಳೆ ಅದು ಅಕ್ಕರೆಯ ದನಿಯಲ್ಲಿಯೇ ಬರುತ್ತದೆ. ಆ ದನಿ ಒಂದು ತಲೆಮಾರಿನಲ್ಲಿ ಬದಲಾಗಿ, ತಾಯಿಯೇ ಕಾರನ್ನು ತೆಗೆಯುವುದೆಂದರೆ ಅದು ಸಣ್ಣ ಸಂಗತಿಯಲ್ಲ.

ಹಾಪ್ಕಿಂಟನ್ನಿನಲ್ಲಿ ಗಿಬ್ ಓಟ ಹೊರಡುವ ಸ್ಥಳದ ಹತ್ತಿರ ಪೊದೆಗಳ ಮರೆಯಲ್ಲಿ ಅವಿತು ನಿಂತಳು. ಈಜುಡುಗೆಯ ಮೇಲೆ ತಮ್ಮನ ಚಡ್ಡಿ, ಅದರ ಮೇಲೆ ತಲೆ ಮುಚ್ಚುವ ನೀಲಿಯ ಅಂಗಿ. ಅರ್ಧದಷ್ಟು ಜನ ಮುಂದೆ ಹೋಗುವವರೆಗೆ ಕಾದಿದ್ದು ಗುಂಪಿನಲ್ಲಿ ಸೇರಿಕೊಂಡಳು. ಸ್ವಲ್ಪ ಹೊತ್ತಿಗೆಲ್ಲ ಹಿಂದೆ ಬರುತ್ತಿದ್ದ ಗಂಡಸರಿಗೆ ಇವಳು ಹೆಂಗಸೆಂದು ತಿಳಿದುಹೋಯಿತು. ಸೆಕೆಯಾಗುತ್ತಿದ್ದರೂ ಮೇಲಂಗಿಯನ್ನು ತೆಗೆಯಲು ಆಕೆಗೆ ಭಯ. ಕಂಡರೆ ಹೊರಕ್ಕೆ ಹಾಕುವರೆಂಬ ಶಂಕೆ. ಜೊತೆಯವರು ಹಾಗಾಗಲು ತಾವು ಬಿಡುವುದಿಲ್ಲವೆಂದರು. ಮೇಲಂಗಿಯನ್ನು ತೆಗೆದಳು. ಹಾದಿಯ ಬದಿಯ ಜನ ನೋಡಿ ಹರ್ಷಧ್ವನಿ ಮಾಡಿದರು.

ಆಕಾಶವಾಣಿಯ ಕೇಳುಗರಾದ ನಿಮಗೆ ಪ್ರಿಯವಾಗಬಹುದಾದ ಸಂಗತಿಯೊಂದಿದೆ. ಮ್ಯಾರಥಾನಿನಲ್ಲಿ ಹೆಂಗಸೊಬ್ಬಳು ಓಡುತ್ತಿದ್ದಾಳೆಂಬ ಸುದ್ದಿಯನ್ನು ಅವಳಿಗಿಂತ ಮುಂದಾಗಿ ಕೊಂಡೊಯ್ದದ್ದು ರೇಡಿಯೋ. ದಾರಿಯ ಅರ್ಧದಲ್ಲಿರುವ ವೆಲ್ಸ್‌ಲಿ ಮಹಿಳಾ ಕಾಲೇಜನ್ನು ಆಕೆ ಸಮೀಪಿಸುವಷ್ಟರಲ್ಲಿ ವಿದ್ಯಾರ್ಥಿನಿಯರು ಕಾದು ನಿಂತಿದ್ದರು. ಅವಳನ್ನು ಕಂಡು ಅವರು ಕೂಗಿದ ಕೂಗಿನಲ್ಲಿ ಅಳುವೂ ಸೇರಿತ್ತೆಂದು ಹೇಳುತ್ತಾರೆ. ಕಡೆಯ ಮೈಲಿಗಳು ಕಠಿಣವಾದವು. ಹೊಸ ಬೂಟುಗಳು ಕಚ್ಚಿ ಕಾಲೆಲ್ಲ ಬೊಕ್ಕೆಯೆದ್ದಿತ್ತು. ಓಡುವಾಗ ನೀರು ಕುಡಿಯಬಾರದೆಂಬ ಆ ಕಾಲದ ನಂಬಿಕೆಯಂತೆ ಅವಳು ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ. ಆದರೂ 3 ಗಂಟೆ 21 ನಿಮಿಷ 40 ಸೆಕೆಂಡುಗಳಲ್ಲಿ ಗುರಿ ಮುಟ್ಟಿದಳು. ಓಡಿದ ಗಂಡಸರಲ್ಲಿ ಮೂರರಲ್ಲಿ ಎರಡು ಪಾಲು ಅವಳ ಹಿಂದಿದ್ದರು. ರಾಜ್ಯದ ಗವರ್ನರ್ ಜಾನ್ ವೋಲ್ಪೆ ಕೈಕುಲುಕಿದರು. ಆದರೆ ಓಟಗಾರರಿಗೆ ವಾಡಿಕೆಯಂತೆ ಏರ್ಪಡಿಸಿದ್ದ ಊಟಕ್ಕೆ ಸಂಗಡಿಗರು ಕರೆದೊಯ್ದಾಗ ಹೆಂಗಸರಿಗೆ ಪ್ರವೇಶವಿಲ್ಲವೆಂದು ಬಾಗಿಲಲ್ಲೇ ತಡೆದರು.

ನಂತರದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1967ರಲ್ಲಿ ಗಿಬ್ ಮತ್ತೆ ಓಡಿದಳು. ಅದೇ ವರ್ಷ ಕ್ಯಾಥರಿನ್ ಸ್ವಿಟ್ಸರ್ ಅಧಿಕೃತ ಸಂಖ್ಯೆಯನ್ನು ಧರಿಸಿ ಓಡಿದಾಗ ಅಧಿಕಾರಿಯೊಬ್ಬರು ಅದನ್ನು ಕಿತ್ತುಕೊಳ್ಳಲು ಹೋದ ಚಿತ್ರ ಲೋಕದಲ್ಲೆಲ್ಲ ಪ್ರಕಟವಾಯಿತು. 1972ರಲ್ಲಿ ಬಾಸ್ಟನ್ ಮ್ಯಾರಥಾನ್ ಹೆಂಗಸರನ್ನು ವಿಧಿವತ್ತಾಗಿ ಸೇರಿಸಿಕೊಂಡಿತು. ನೀನಾ ಕುಶ್ಚಿಕ್ ಗೆದ್ದರು. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಮಹಿಳೆಯರ ಮೊದಲ ಒಲಿಂಪಿಕ್ ಮ್ಯಾರಥಾನ್ ನಡೆದು ಜೋನ್ ಬೆನಾಯ್ಟ್ ಚಿನ್ನದ ಪದಕ ಪಡೆದರು. 1966, 67, 68ರ ಮೂರು ಓಟಗಳಲ್ಲಿಯೂ ಹೆಂಗಸರಲ್ಲಿ ಗಿಬ್ ಮೊದಲಿಗಳೆಂದು ಬಾಸ್ಟನ್ನಿನವರು ಒಪ್ಪಿ ಪದಕ ಕೊಟ್ಟದ್ದು 1996ರಲ್ಲಿ. ಶಿಲ್ಪಿಯೂ ಆದ ಆಕೆ ತಾನೇ ರಚಿಸಿದ, ಓಡುವ ಹುಡುಗಿಯೊಬ್ಬಳ ಕಂಚಿನ ಪ್ರತಿಮೆಯನ್ನು 2021ರಲ್ಲಿ ಹಾಪ್ಕಿಂಟನ್ನಿನಲ್ಲಿ ನಿಲ್ಲಿಸಿದರು. ಅಡಗಿ ನಿಲ್ಲಬೇಕಾಗಿದ್ದ ಊರಿನಲ್ಲಿಯೇ ಈಗ ಎಲ್ಲರ ಕಣ್ಣಿಗೆ ಬೀಳುವಂತೆ ಆ ಮೂರ್ತಿ ನಿಂತಿದೆ.

ಒಂದು ಮನೆಯವರ ಬೆಂಬಲವೆಂದರೆ ಏನೆಂಬುದನ್ನು ಈ ವೃತ್ತಾಂತ ನನಗೆ ಸ್ಪಷ್ಟಪಡಿಸಿದೆ. ಗುರಿಯ ಬಳಿ ನಿಂತು ಚಪ್ಪಾಳೆ ತಟ್ಟುವುದು ಸುಲಭ. ಅಲ್ಲಿಗೆ ಗವರ್ನರೂ ಬರುತ್ತಾರೆ. ಓಟವಿನ್ನೂ ಆರಂಭವಾಗಿಲ್ಲ, ಫಲ ಏನಾಗುವುದೋ ತಿಳಿಯದು, ತಜ್ಞರು ಬೇಡವೆಂದಿದ್ದಾರೆ, ಮನೆಯ ಯಜಮಾನರಿಗೆ ಒಪ್ಪಿಗೆಯಿಲ್ಲ, ತನಗೂ ಒಳಗೆ ಅಂಜಿಕೆಯಿದೆ. ಅಂಥ ಹೊತ್ತಿನಲ್ಲಿ ಜೊತೆಗೆ ಹೊರಡುವುದು ಬೇರೆಯ ಮಾತು. ಆ ತಾಯಿ ಮಗಳೊಡನೆ ಒಂದು ಹೆಜ್ಜೆಯನ್ನೂ ಓಡಲಿಲ್ಲ. ಓಡಬೇಕಾದವಳು ಮಗಳೇ. ಪೊದೆಯ ಹತ್ತಿರ ಇಳಿಸಿ ಹಿಂದಿರುಗುವಾಗ ಅವರ ಮನಸ್ಸಿನಲ್ಲಿ ಏನೇನು ನಡೆಯಿತೆಂಬುದನ್ನು ಯಾವ ಗಡಿಯಾರವೂ ಅಳೆದಿಲ್ಲ. ಕ್ರೀಡೆಯ ಚರಿತ್ರೆಯನ್ನು ಬರೆಯುವವರು ಮುಂದೆ ಎಂದಾದರೂ ಆ ಬೆಳಗಿನ ಪ್ರಯಾಣಕ್ಕೂ ಒಂದು ಪುಟವನ್ನು ಮೀಸಲಿಟ್ಟರೆ, ಓಟದ ಆರಂಭ ಎಲ್ಲಿಂದ ಎಂಬ ಪ್ರಶ್ನೆಗೆ ಅವರು ಹಾಪ್ಕಿಂಟನ್ನಿನ ಬದಲು ವಿಂಚೆಸ್ಟರಿನ ಹೆಸರನ್ನು ಬರೆಯಬೇಕಾದೀತು.