ದಂಡು ನಡೆದ ದಾರಿ

ಸುಳ್ಯದಿಂದ ಪುತ್ತೂರು, ಮಾಣಿ, ಪಾಣೆಮಂಗಳೂರು ಮಾರ್ಗವಾಗಿ ಮಂಗಳೂರಿಗೆ 90 ಕಿಲೋಮೀಟರಿಗೆ ಸಮೀಪದ ದೂರ. ಬಸ್ಸಿನ ಕಿಟಕಿಯ ಬಳಿ ಕುಳಿತವರಿಗೆ ಅಡಿಕೆ ತೋಟ, ರಬ್ಬರ್ ತೋಟ, ಒಂದು ಪೇಟೆ, ಮತ್ತೆ ತೋಟ – ಹೀಗೆ ಕೆಲವೇ ಗಂಟೆಗಳಲ್ಲಿ ಮುಗಿದುಹೋಗುವ ಹಾದಿ. 1837ರ ಮಾರ್ಚ್ ತಿಂಗಳ ಕೊನೆಯಲ್ಲಿ ಈ ಸೀಮೆಯ ರೈತರ ದಂಡೊಂದು ಕಾಲ್ನಡಿಗೆಯಲ್ಲಿ ಹೊರಟು, ವಾರ ಕಳೆಯುವಷ್ಟರಲ್ಲಿ ಮಂಗಳೂರನ್ನು ಸೇರಿತು. ಏಪ್ರಿಲ್ 5ರಂದು ಬಾವುಟಗುಡ್ಡೆಯಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಧ್ವಜವನ್ನು ಇಳಿಸಿ ತನ್ನ ಬಾವುಟವನ್ನು ಏರಿಸಿತು. 13 ದಿನಗಳ ಕಾಲ ಮಂಗಳೂರು ಕಂಪೆನಿಯ ಕೈಯಲ್ಲಿರಲಿಲ್ಲ. ದೇಶದ ಚರಿತ್ರೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಯಲಾದ 1857ಕ್ಕಿಂತ 20 ವರ್ಷ ಹಿಂದಿನ ಮಾತು ಇದು.

ಈ ಬಂಡಾಯದ ಬಗೆಗೆ ಮಾತನಾಡುವಾಗ ನಾವು ಸಾಮಾನ್ಯವಾಗಿ ಬಾವುಟಗುಡ್ಡೆಯಿಂದಲೇ ಆರಂಭಿಸುತ್ತೇವೆ. ಅಲ್ಲಿಗೆ ತಲುಪಿದ್ದು ಹೇಗೆ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಕವಾಯತು ಕಲಿಯದ ಬೇಸಾಯಗಾರರು, ಗುಡ್ಡ, ಬೈಲು, ಹೊಳೆಗಳನ್ನು ದಾಟಿ ಅಷ್ಟು ಬೇಗ ಕರಾವಳಿಗೆ ಇಳಿದದ್ದು ಹೇಗೆ? ಉತ್ತರ ದಾರಿಯಲ್ಲೇ ಇದೆ. ಅದು ಅವರ ಕಾಲಿಗೆ ಮೊದಲೇ ಗೊತ್ತಿದ್ದ ದಾರಿ.

1834ರವರೆಗೆ ಅಮರ ಸುಳ್ಯ, ಬೆಳ್ಳಾರೆ ಮುಂತಾದ ಪ್ರದೇಶಗಳು ಕೊಡಗಿನ ಹಾಲೇರಿ ಅರಸರ ಆಳ್ವಿಕೆಯಲ್ಲಿದ್ದವು. ರೈತ ತನ್ನ ಕಂದಾಯವನ್ನು ಬೆಳೆದ ಬೆಳೆಯ ರೂಪದಲ್ಲೇ ಸಲ್ಲಿಸಬಹುದಿತ್ತು. ಆ ವರ್ಷ ಕಂಪೆನಿ ಸರಕಾರ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಘಟ್ಟದ ಕೆಳಗಿನ ಈ ಮಾಗಣೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಅದರೊಂದಿಗೆ ಕಂದಾಯವನ್ನು ನಗದಾಗಿ ಕಟ್ಟಬೇಕೆಂಬ ನಿಯಮ ಬಂತು.

ಕಾಗದದ ಮೇಲೆ ಇದು ಸಣ್ಣ ಬದಲಾವಣೆಯಂತೆ ಕಾಣಬಹುದು. ಆದರೆ ಭತ್ತ, ಅಡಿಕೆ, ಕರಿಮೆಣಸು ಬೆಳೆಯುವ ಮನೆಯಲ್ಲಿ ನಾಣ್ಯ ಬೆಳೆಯುವುದಿಲ್ಲ. ನಾಣ್ಯ ಬೇಕೆಂದರೆ ಬೆಳೆದದ್ದನ್ನು ಹೊತ್ತು ಪೇಟೆಗೆ ಹೋಗಬೇಕು. ಕಂತಿನ ಗಡುವು ತಲೆಯ ಮೇಲಿರುವಾಗ ವ್ಯಾಪಾರಿ ಹೇಳಿದ್ದೇ ಬೆಲೆ. ಉಪ್ಪು, ಹೊಗೆಸೊಪ್ಪುಗಳ ಮೇಲೆ ಕಂಪೆನಿಯ ಏಕಸ್ವಾಮ್ಯ ಬೇರೆ. ಹೀಗೆ ಇಳಿಯುವಾಗ ಅಗ್ಗಕ್ಕೆ ಮಾರಿ, ಏರುವಾಗ ತುಟ್ಟಿಗೆ ಕೊಂಡು ಹಿಂದಿರುಗುವ ದಾರಿಯಾಗಿ ಮಾರ್ಪಟ್ಟಿತು, ಘಟ್ಟದ ಬುಡದಿಂದ ಕಡಲಿಗೆ ಹೋಗುವ ದಾರಿ. ನೇತ್ರಾವತಿ ಮತ್ತು ಕುಮಾರಧಾರಾ ಕೂಡುವಲ್ಲಿರುವ ಊರಿಗೆ ಉಪ್ಪಿನಂಗಡಿ ಎಂಬ ಹೆಸರಿರುವುದನ್ನು ಗಮನಿಸಿದರೆ, ಈ ಭಾಗದ ಬದುಕಿನಲ್ಲಿ ಉಪ್ಪಿನ ಸ್ಥಾನ ಎಂಥದೆಂದು ಬೇರೆ ಹೇಳಬೇಕಾಗಿಲ್ಲ.

ಆಗ ದಾರಿ ಎಂದರೆ ಡಾಮರು ರಸ್ತೆಯಲ್ಲ. ಗದ್ದೆಯ ಅಂಚಿನ ಕಟ್ಟಪುಣಿ, ಎರಡು ಮಣ್ಣಿನ ದರೆಗಳ ನಡುವಣ ಓಣಿ, ತೋಡಿನ ಮೇಲೆ ಅಡಿಕೆ ಮರದ ಕಾಲುಸಂಕ, ಮುರಕಲ್ಲಿನ ಬೋಳುಗುಡ್ಡ, ಮರದಡಿಯ ಕಟ್ಟೆ – ಇವೆಲ್ಲ ಸೇರಿದರೆ ಒಂದು ದಾರಿ. ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಗೆ ಹೋಗುವವರು, ಕಡಬದ ಕಡೆಯಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಷಷ್ಠಿಗೆ ಹೋಗುವವರು, ನೆಂಟರ ಮನೆಗೆ ಹೋಗುವವರು, ತಲೆಹೊರೆಯವರು ಎಲ್ಲರೂ ತುಳಿದು ಮಾಡಿದ ದಾರಿ ಅದು. ಎಲ್ಲಿ ನೀರು ಸಿಗುತ್ತದೆ, ಯಾವ ಹೊಳೆಯನ್ನು ಯಾವ ತಿಂಗಳಲ್ಲಿ ನಡೆದೇ ದಾಟಬಹುದು ಎಂಬುದು ನಕಾಶೆಯಿಲ್ಲದೆ ಎಲ್ಲರಿಗೂ ತಿಳಿದಿತ್ತು.

ದಂಡು ಹೊರಟ ಕಾಲವೂ ಅನುಕೂಲವಾದದ್ದೇ. ಮಾರ್ಚ್ ಕೊನೆಗೆ ತೋಡುಗಳು ಬತ್ತಿರುತ್ತವೆ. ಹೊಳೆಗಳಲ್ಲಿ ನೀರು ತಗ್ಗಿರುತ್ತದೆ. ಮಳೆ ಹಿಡಿಯಲು ಎರಡು ತಿಂಗಳಿದೆ. ಸುಳ್ಯದ ಬಳಿಯ ಪೂಮಲೆಯಲ್ಲಿ, ಮದುವೆಯ ನೆಪದಲ್ಲಿ ಜನ ಸೇರಿದರೆಂಬುದು ಈ ಸೀಮೆಯಲ್ಲಿ ಇಂದಿಗೂ ಕೇಳಿಬರುವ ಮಾತು. ಕೆದಂಬಾಡಿ ರಾಮಯ್ಯ ಗೌಡರು ಮುಂದಾಳುಗಳಲ್ಲಿ ಪ್ರಮುಖರು. ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ದಂಡಿನ ನಾಯಕತ್ವ ವಹಿಸಿದವನು ಪುಟ್ಟಬಸಪ್ಪ. ಅರಸರ ಕುಲದವನೇ ಮರಳಿ ಬಂದಿದ್ದಾನೆಂಬ ನಂಬಿಕೆ ಜನರನ್ನು ಒಗ್ಗೂಡಿಸಿತು.

ದಂಡು ಮೊದಲು ಮಾಡಿದ ಕೆಲಸಗಳಲ್ಲೊಂದು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡದ್ದು. ಇದರ ಅರ್ಥ ಸ್ಪಷ್ಟವಾಗಿದೆ. ಅವರು ಹೊತ್ತು ತಂದು ಸುರಿದ ನಾಣ್ಯ ಇದ್ದದ್ದು ಅಲ್ಲಿಯೇ. ಅನಂತರ ತಂಡಗಳು ಕವಲೊಡೆದವು. ಕೆಲವು ಸುಬ್ರಹ್ಮಣ್ಯ, ಬಿಸಿಲೆ ಘಟ್ಟದ ಕಡೆಗೂ, ಕೆಲವು ಕುಂಬಳೆ, ಕಾಸರಗೋಡಿನ ಕಡೆಗೂ ನಡೆದವು. ಮುಖ್ಯ ದಂಡು ಪುತ್ತೂರಿನ ದಾರಿ ಹಿಡಿಯಿತು. ಸೈನಿಕರೊಂದಿಗೆ ಪುತ್ತೂರಿಗೆ ಬಂದಿದ್ದ ಕಲೆಕ್ಟರ್ ಲೆವಿನ್ ಹಿಮ್ಮೆಟ್ಟಿ ಮಂಗಳೂರಿಗೆ ಮರಳಬೇಕಾಯಿತು. ದಾರಿಯುದ್ದಕ್ಕೂ ಜನ ಸೇರುತ್ತ ಹೋದರು. ನಂದಾವರದ ಲಕ್ಷ್ಮಪ್ಪ ಬಂಗರಸನೂ ಜೊತೆಗೂಡಿದನು. ಸೇತುವೆಯೇ ಇಲ್ಲದ ಕಾಲದಲ್ಲಿ ನೇತ್ರಾವತಿಯನ್ನು ದಾಟಿ ದಂಡು ಮಂಗಳೂರನ್ನು ಹೊಕ್ಕಿತು. ಕಚೇರಿಗಳಿಗೆ ಬೆಂಕಿ ಬಿತ್ತು, ಸೆರೆಮನೆ ತೆರೆಯಿತು.

ಆದರೆ ದಾರಿಯ ಬಲ ಅಲ್ಲಿಗೇ ಕೊನೆಗೊಂಡಿತು. ಘಟ್ಟದಿಂದ ಬಂದವರಿಗೆ ಮುಂದೆ ಕಡಲು. ಕಂಪೆನಿಗೆ ಕಡಲೇ ದಾರಿ. ಕಣ್ಣಾನೂರು ಕಡೆಯಿಂದ ಸೈನ್ಯ ಬಂದಿಳಿದಾಗ ಬಂಡುಕೋರರು ಚದುರಿದರು. ಪುಟ್ಟಬಸಪ್ಪ, ಲಕ್ಷ್ಮಪ್ಪ ಬಂಗರಸ ಮೊದಲಾದವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು. ಜನರ ಬಾಯಲ್ಲಿ ಇಡೀ ಪ್ರಸಂಗಕ್ಕೆ ಉಳಿದ ಹೆಸರು 'ಕಲ್ಯಾಣಪ್ಪನ ಕಾಟಕಾಯಿ'. ಆ ಹೆಸರಿನಲ್ಲಿ 'ಕಾಟ'ದ ಧ್ವನಿಯೂ ಇರುವುದನ್ನು ಅಲ್ಲಗಳೆಯುವಂತಿಲ್ಲ. ಸಾವಿರಾರು ಜನರ ದಂಡು ಹಾದುಹೋಗುವ ಊರಿನಲ್ಲಿ ಅಕ್ಕಿಯ ಕಣಜ ಹಾಗೆಯೇ ಉಳಿಯುವುದಿಲ್ಲ. ಗೆದ್ದವರು ಬರೆದ ದಾಖಲೆ ಆ ಕಾಟವನ್ನಷ್ಟೇ ಎತ್ತಿ ಹಿಡಿಯಿತು. ನಮ್ಮ ಕಾಲ ಅದರ ಸಾಹಸವನ್ನು ನೆನೆಯುತ್ತಿದೆ. ಎರಡನ್ನೂ ಕಂಡಿರುವುದು ದಾರಿ ಮಾತ್ರ.

ಇಂಥ ದಾರಿಗಳನ್ನು ಬೇರೆ ದೇಶದವರು ಹೇಗೆ ನೋಡಿಕೊಂಡಿದ್ದಾರೆ ಎಂಬುದನ್ನು ಇಲ್ಲಿ ನೆನೆಯಬಹುದು. ಫ್ರಾನ್ಸಿನ ದಕ್ಷಿಣದಲ್ಲಿ ಸೆವೆನ್ ಎಂಬ ಗುಡ್ಡಗಾಡು ಸೀಮೆಯಿದೆ. ಅಲ್ಲಿನ ಪ್ರಾಟೆಸ್ಟೆಂಟ್ ರೈತರು ತಮ್ಮ ಆರಾಧನೆಗೆ ಒದಗಿದ ನಿಷೇಧದ ವಿರುದ್ಧ 1702ರಲ್ಲಿ 14ನೆಯ ಲೂಯಿಯ ಮೇಲೆ ದಂಗೆಯೆದ್ದರು. ಕಾರಣ ಬೇರೆ, ಆದರೆ ಕಾಲುದಾರಿ ಬಲ್ಲ ಹಳ್ಳಿಗರು ರಾಜಸೈನ್ಯವನ್ನು ಕಂಗೆಡಿಸಿದ ಕಥೆ ಒಂದೇ. 1878ರಲ್ಲಿ ಲೇಖಕ ರಾಬರ್ಟ್ ಲೂಯಿ ಸ್ಟೀವನ್ಸನ್ ಒಂದು ಕತ್ತೆಯ ಮೇಲೆ ಸಾಮಾನು ಹೇರಿಕೊಂಡು ಆ ಸೀಮೆಯನ್ನು 12 ದಿನ ನಡೆದು, ಪುಸ್ತಕ ಬರೆದನು. ಇಂದು ಆ ದಾರಿಗೆ ಅವನದೇ ಹೆಸರು. ಫ್ರಾನ್ಸಿನಲ್ಲಿ ದೂರದ ಕಾಲುದಾರಿಗಳನ್ನು ಗುರುತು ಮಾಡುವ ಕೆಲಸ 1947ರಲ್ಲಿ ಲುವಾರ್ ನದಿಯ ದಂಡೆಯಲ್ಲಿ ಮೊದಲ ದಾರಿಯೊಂದಿಗೆ ಆರಂಭವಾಯಿತು. ಮರಕ್ಕೋ ಬಂಡೆಗೋ ಬಳಿದ ಬಿಳಿ ಮತ್ತು ಕೆಂಪು ಪಟ್ಟಿ – ಇಷ್ಟೇ ಗುರುತು. ಅದನ್ನು ಅಳಿಯದಂತೆ ಕಾಯುವವರು ಸ್ವಯಂಸೇವಕರು. ನಡೆಯುವವರು, ಓಡುವವರು ಆ ಗುರುತು ಹಿಡಿದು ಹಳೆಯ ಹಳ್ಳಿಗಳನ್ನು ಹಾದುಹೋಗುತ್ತಾರೆ. ಓಡುವವನು ಬಾಯಾರಿ ನಿಂತ ಊರು ಅವನ ಪಾಲಿಗೆ ಬರಿಯ ಹೆಸರಾಗಿ ಉಳಿಯುವುದಿಲ್ಲ.

ನಮ್ಮಲ್ಲೂ ಈಗ ಬೆಳಗಿನ ಜಾವ ಓಡುವ ಹುಡುಗ ಹುಡುಗಿಯರು ಕಾಣಸಿಗುತ್ತಾರೆ. ಅವರಿಗೆ ಸಿಕ್ಕಿರುವುದು ಲಾರಿಗಳು ಧಾವಿಸುವ ಹೆದ್ದಾರಿಯ ಅಂಚು. ಪಕ್ಕದ ಗುಡ್ಡದಲ್ಲೇ ಇದ್ದ ಹಳೆಯ ಓಣಿ ಎಲ್ಲೋ ತೋಟದ ಬೇಲಿಯೊಳಗೆ ಸೇರಿದೆ, ಎಲ್ಲೋ ಜೆಸಿಬಿಯ ಹಲ್ಲಿಗೆ ಸಿಕ್ಕಿದೆ. ಕಾಲುದಾರಿಗೆ ಒಂದು ಗುಣವಿದೆ: ನಡೆಯುವುದನ್ನು ನಿಲ್ಲಿಸಿದ ಎರಡು ಮಳೆಗಾಲದಲ್ಲಿ ಅದು ಕಾಡಾಗುತ್ತದೆ. ಕೆಡವಲು ಯಾರೂ ಬೇಕಿಲ್ಲ.

2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡಿತು. ಅದು ಆಗಬೇಕಾದದ್ದೇ. ಆದರೆ ಪ್ರತಿಮೆ ನಿಂತಿರುವುದು ದಾರಿಯ ಕೊನೆಯಲ್ಲಿ. ಪೂಮಲೆಯಿಂದ ಬೆಳ್ಳಾರೆಗೆ, ಬೆಳ್ಳಾರೆಯಿಂದ ಪುತ್ತೂರಿಗೆ ಉಳಿದಿರುವ ಓಣಿಗಳನ್ನು ಊರಿನ ಹಿರಿಯರಿಂದ ಕೇಳಿ ತಿಳಿದು, ಶಾಲಾ ಮಕ್ಕಳು ವರ್ಷಕ್ಕೊಮ್ಮೆ ಮಾರ್ಚ್ ಕೊನೆಯಲ್ಲಿ ಅದರ ಒಂದು ತುಂಡನ್ನಾದರೂ ನಡೆದರೆ, ಓಡಬಲ್ಲವರು ಓಡಿದರೆ, ಅದಕ್ಕೆ ದೊಡ್ಡ ಖರ್ಚೇನೂ ಬೇಕಾಗದು. ಒಂದು ಡಬ್ಬಿ ಸುಣ್ಣ, ದಾರಿ ಬಲ್ಲ ಒಬ್ಬ ಅಜ್ಜ, ಬೇಲಿ ತೆರೆಯಲು ಒಪ್ಪುವ ತೋಟದವರು – ಇಷ್ಟು ಸಾಕು. ದಾರಿ ಬಲ್ಲ ಅಜ್ಜಂದಿರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.